ಕರ್ನಾಟಕದ ಔಷಧ ತಯಾರಿಕಾ ಉದ್ಯಮ

ಕರ್ನಾಟಕದ ಔಷಧ ತಯಾರಿಕಾ ಉದ್ಯಮವು ರಾಜ್ಯದಲ್ಲಿ ನಡೆಯುವ ಮೂಲ ಔಷಧಗಳ ಉತ್ಪಾದನೆ, ಮಾತ್ರೆ ಮತ್ತು ಚುಚ್ಚುಮದ್ದುಗಳಂಥ ಸಿದ್ಧ ಔಷಧಗಳ ತಯಾರಿಕೆ, ಜೈವಿಕ ಔಷಧಗಳ ಉತ್ಪಾದನೆ ಹಾಗೂ ಔಷಧ ಸಂಶೋಧನಾ ಸೇವೆಗಳನ್ನು ಒಳಗೊಂಡಿದೆ. ಇದರ ಮುಖ್ಯ ಕೇಂದ್ರ ಬೆಂಗಳೂರು. ನಂಜನಗೂಡು, ಮಂಗಳೂರು, ರಾಯಚೂರು, ಬೀದರ್ ಮತ್ತು ಯಾದಗಿರಿ ಜಿಲ್ಲೆಯ ಕಡೇಚೂರು ಇತರ ಕೇಂದ್ರಗಳು. ಕಿಣ್ವ, ಇನ್ಸುಲಿನ್ ಮುಂತಾದ ಜೈವಿಕ ಉತ್ಪನ್ನಗಳಲ್ಲಿ ಕರ್ನಾಟಕವು ಭಾರತದ ಮುಂಚೂಣಿ ರಾಜ್ಯಗಳಲ್ಲಿ ಒಂದಾಗಿದೆ. ರಾಸಾಯನಿಕ ವಿಧಾನದಿಂದ ತಯಾರಾಗುವ ಮೂಲ ಔಷಧಗಳಲ್ಲಿ ತೆಲಂಗಾಣ, ಆಂಧ್ರಪ್ರದೇಶ ಮತ್ತು ಗುಜರಾತ್ ಮುಂದಿವೆ. ಈ ವ್ಯತ್ಯಾಸಕ್ಕೆ ಆಯಾ ರಾಜ್ಯಗಳಲ್ಲಿ ಮೊದಲು ನೆಲೆಯೂರಿದ ಸಂಸ್ಥೆಗಳು ಮತ್ತು ಅಲ್ಲಿ ತರಬೇತಿ ಪಡೆದ ತಂತ್ರಜ್ಞರು ಮುಖ್ಯ ಕಾರಣ.

ಪರಿಭಾಷೆ

ಔಷಧ ಉದ್ಯಮದ ಬಲಾಬಲವನ್ನು ಹೋಲಿಸುವಾಗ ನಾಲ್ಕು ಬಗೆಯ ಚಟುವಟಿಕೆಗಳನ್ನು ಪ್ರತ್ಯೇಕವಾಗಿ ಗುರುತಿಸಬೇಕಾಗುತ್ತದೆ.

ಮೂಲ ಔಷಧ: ರೋಗದ ಮೇಲೆ ನೇರವಾಗಿ ಪರಿಣಾಮ ಬೀರುವ ರಾಸಾಯನಿಕ ಅಥವಾ ಜೈವಿಕ ಪದಾರ್ಥ. ಉದ್ಯಮದಲ್ಲಿ ಇದನ್ನು ಬಲ್ಕ್ ಡ್ರಗ್ ಅಥವಾ ಎಪಿಐ ಎಂದು ಕರೆಯುತ್ತಾರೆ. ಜ್ವರದ ಮಾತ್ರೆಯಲ್ಲಿರುವ ಪ್ಯಾರಾಸಿಟಮಾಲ್ ಇದಕ್ಕೆ ಉದಾಹರಣೆ. ಇದರ ತಯಾರಿಕೆಗೆ ದ್ರಾವಕಗಳು, ಹಬೆ, ಹೇರಳ ನೀರು ಮತ್ತು ತ್ಯಾಜ್ಯನೀರಿನ ಶುದ್ಧೀಕರಣ ವ್ಯವಸ್ಥೆ ಬೇಕು.

ಸಿದ್ಧ ಔಷಧ: ಮೂಲ ಔಷಧಕ್ಕೆ ಪಿಷ್ಟ, ಬಂಧಕ ಮುಂತಾದವನ್ನು ಸೇರಿಸಿ ಮಾತ್ರೆ, ಕ್ಯಾಪ್ಸೂಲ್, ಸಿರಪ್ ಅಥವಾ ಚುಚ್ಚುಮದ್ದಿನ ರೂಪ ಕೊಟ್ಟ ಉತ್ಪನ್ನ. ಇದಕ್ಕೆ ಬೇಕಾದ ಬಂಡವಾಳ ಸಾಮಾನ್ಯವಾಗಿ ಕಡಿಮೆ, ಮಾಲಿನ್ಯವೂ ಕಡಿಮೆ.

ಜೈವಿಕ ಔಷಧ: ಯೀಸ್ಟ್, ಬ್ಯಾಕ್ಟೀರಿಯಾ ಅಥವಾ ಪ್ರಾಣಿಕೋಶಗಳನ್ನು ಬೆಳೆಸಿ ಅವುಗಳಿಂದ ಪಡೆಯುವ ಪ್ರೋಟೀನ್ ಔಷಧ. ಇನ್ಸುಲಿನ್ ಮತ್ತು ಕ್ಯಾನ್ಸರ್ ಚಿಕಿತ್ಸೆಯ ಪ್ರತಿಕಾಯಗಳು ಈ ಗುಂಪಿನವು. ಪೇಟೆಂಟ್ ಅವಧಿ ಮುಗಿದ ಜೈವಿಕ ಔಷಧಕ್ಕೆ ಸಮನಾಗಿ ತಯಾರಿಸಿದ ಉತ್ಪನ್ನವನ್ನು ಬಯೋಸಿಮಿಲರ್ ಎನ್ನುತ್ತಾರೆ.

ಸಂಶೋಧನಾ ಸೇವೆ: ಬೇರೆ ಕಂಪನಿಗಳಿಗಾಗಿ ಹೊಸ ಅಣುಗಳ ಶೋಧ, ಪರೀಕ್ಷೆ ಮತ್ತು ಸಣ್ಣ ಪ್ರಮಾಣದ ತಯಾರಿಕೆಯನ್ನು ಗುತ್ತಿಗೆಯ ಆಧಾರದಲ್ಲಿ ನಡೆಸಿಕೊಡುವುದು.

ಇತಿಹಾಸ

ಆರಂಭಿಕ ಹಂತ

1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಜೀವರಸಾಯನಶಾಸ್ತ್ರ ಮತ್ತು ಕಿಣ್ವನ ತಂತ್ರಜ್ಞಾನದಲ್ಲಿ ತರಬೇತಾದ ವಿಜ್ಞಾನಿಗಳನ್ನು ರೂಪಿಸಿತು. ಸ್ವಾತಂತ್ರ್ಯಾನಂತರದ ಮೊದಲ ದಶಕಗಳಲ್ಲಿ ಕೇಂದ್ರ ಸರ್ಕಾರದ ದೊಡ್ಡ ಔಷಧ ಕಾರ್ಖಾನೆಗಳು ಮಾತ್ರ ಬೇರೆ ರಾಜ್ಯಗಳ ಪಾಲಾದವು. ಹಿಂದೂಸ್ತಾನ್ ಆಂಟಿಬಯಾಟಿಕ್ಸ್ 1954ರಲ್ಲಿ ಪುಣೆ ಸಮೀಪದ ಪಿಂಪ್ರಿಯಲ್ಲಿ ಸ್ಥಾಪನೆಯಾಯಿತು. 1961ರಲ್ಲಿ ಆರಂಭವಾದ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಯು ಸೋವಿಯತ್ ಒಕ್ಕೂಟದ ನೆರವಿನಿಂದ ಹೈದರಾಬಾದಿನಲ್ಲಿ ಸಂಶ್ಲೇಷಿತ ಔಷಧಗಳ ಕಾರ್ಖಾನೆಯನ್ನು ಕಟ್ಟಿತು. ಕನ್ನಡ ನಾಡಿನ ಶಿಲೀಂಧ್ರವಿಜ್ಞಾನಿ ಎಂ. ಜೆ. ತಿರುಮಲಾಚಾರ್ ಅವರು ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧದ ಸಂಶೋಧನೆಯನ್ನು ನಡೆಸಿದ್ದು ಪಿಂಪ್ರಿಯ ಕಾರ್ಖಾನೆಯಲ್ಲಿ.

1930ರಲ್ಲಿ ಡೆಹ್ರಾಡೂನಿನಲ್ಲಿ ಆರಂಭವಾಗಿದ್ದ ಹಿಮಾಲಯ ಸಂಸ್ಥೆಯು 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಮಾಕಳಿಯಲ್ಲಿ ತಯಾರಿಕಾ ಘಟಕವನ್ನು ತೆರೆಯಿತು. ಸ್ವೀಡನ್ ಮೂಲದ ಆಸ್ಟ್ರಾ ಕಂಪನಿಯ ಪಾಲುದಾರಿಕೆಯಲ್ಲಿ 1979ರಲ್ಲಿ ಸ್ಥಾಪನೆಯಾದ ಆಸ್ಟ್ರಾ-ಐಡಿಎಲ್ ಸಂಸ್ಥೆಯೂ ಬೆಂಗಳೂರನ್ನು ನೆಲೆಯಾಗಿಸಿಕೊಂಡಿತು. ಇದೇ ಮುಂದೆ ಆಸ್ಟ್ರಾಜೆನೆಕಾ ಫಾರ್ಮಾ ಇಂಡಿಯಾ ಆಯಿತು.

ಸಾರ್ವಜನಿಕ ವಲಯ

ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಲಿಮಿಟೆಡ್ 1981ರಲ್ಲಿ ಸ್ಥಾಪನೆಯಾಯಿತು. ಇದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಜಂಟಿ ಉದ್ಯಮ. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿರುವ ಇದರ ಕಾರ್ಖಾನೆಯು ಚುಚ್ಚುಮದ್ದು, ಮಾತ್ರೆ ಮತ್ತು ಕ್ಯಾಪ್ಸೂಲ್‌ಗಳನ್ನು ತಯಾರಿಸಿ ಮುಖ್ಯವಾಗಿ ಸರ್ಕಾರಿ ಆಸ್ಪತ್ರೆಗಳಿಗೆ ಪೂರೈಸುತ್ತದೆ. ದೇಶದ ಹಲವು ಸಾರ್ವಜನಿಕ ಔಷಧ ಕಾರ್ಖಾನೆಗಳು ನಷ್ಟದಿಂದ ಸ್ಥಗಿತಗೊಂಡರೂ ಈ ಸಂಸ್ಥೆ ಉತ್ಪಾದನೆಯನ್ನು ಮುಂದುವರಿಸಿದೆ. ಆದರೆ ಇದು ಸಿದ್ಧ ಔಷಧಗಳ ಕಾರ್ಖಾನೆ. ಹೈದರಾಬಾದಿನ ಸಾರ್ವಜನಿಕ ಕಾರ್ಖಾನೆಯಂತೆ ಮೂಲ ಔಷಧಗಳ ರಸಾಯನತಜ್ಞರನ್ನು ದೊಡ್ಡ ಸಂಖ್ಯೆಯಲ್ಲಿ ತಯಾರು ಮಾಡುವ ನೆಲೆ ಇದಾಗಲಿಲ್ಲ.

ಜೈವಿಕ ತಂತ್ರಜ್ಞಾನದ ಬೆಳವಣಿಗೆ

ಕಿರಣ್ ಮಜುಂದಾರ್ ಷಾ ಅವರು 1978ರಲ್ಲಿ ಐರ್ಲೆಂಡಿನ ಕಂಪನಿಯೊಂದರ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದರು. ಪಪಾಯಿಯಿಂದ ಪಡೆಯುವ ಪಪೈನ್ ಕಿಣ್ವವು ಇದರ ಮೊದಲ ಉತ್ಪನ್ನಗಳಲ್ಲಿ ಒಂದು. ಕಿಣ್ವಗಳಿಗಾಗಿ ಬೆಳೆಸಿಕೊಂಡ ಕಿಣ್ವನ ಪರಿಣತಿಯನ್ನು ಸಂಸ್ಥೆಯು ಮುಂದೆ ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಔಷಧಗಳಿಗೂ ಇನ್ಸುಲಿನ್‌ಗೂ ಬಳಸಿಕೊಂಡಿತು. ಯೀಸ್ಟ್ ಬಳಸಿ ತಯಾರಿಸಿದ ಮಾನವ ಇನ್ಸುಲಿನ್ 2004ರಲ್ಲಿ ಮಾರುಕಟ್ಟೆಗೆ ಬಂದಿತು. ಸ್ತನ ಕ್ಯಾನ್ಸರ್‌ಗೆ ಬಳಸುವ ಟ್ರಾಸ್ಟುಜುಮ್ಯಾಬ್‌ನ ಬಯೋಸಿಮಿಲರ್‌ಗೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮೋದನೆ ದೊರೆಯಿತು. 2022ರಲ್ಲಿ ಬಯೋಕಾನ್‌ನ ಅಂಗಸಂಸ್ಥೆಯು ತನ್ನ ಪಾಲುದಾರ ವಿಯಾಟ್ರಿಸ್ ಕಂಪನಿಯ ಬಯೋಸಿಮಿಲರ್ ವ್ಯವಹಾರವನ್ನು ಖರೀದಿಸಿತು.

ಬಯೋಕಾನ್ ಸಮೂಹದ ಸಿಂಜೀನ್ ಸಂಸ್ಥೆಯು ಸಂಶೋಧನಾ ಸೇವೆಗಳ ಕ್ಷೇತ್ರದಲ್ಲಿ ಬೆಳೆಯಿತು. ಬಯೋಕಾನ್‌ನಲ್ಲಿ ಅನುಭವ ಪಡೆದವರು 2006ರಲ್ಲಿ ಆಂಥೆಮ್ ಬಯೋಸೈನ್ಸಸ್ ಸ್ಥಾಪಿಸಿದರು. ರಾಜ್ಯ ಸರ್ಕಾರವು 2001ರಲ್ಲಿ ಜೈವಿಕ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತು. ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಂಥ ಸಂಶೋಧನಾ ಸಂಸ್ಥೆಗಳು ನಗರದಲ್ಲಿ ಇದ್ದುದು ಈ ಬೆಳವಣಿಗೆಗೆ ಪೂರಕವಾಯಿತು.

ಜೆನೆರಿಕ್ ಔಷಧ ಕಂಪನಿಗಳು

1970ರ ಪೇಟೆಂಟ್ ಕಾಯ್ದೆಯು ಔಷಧದ ಅಣುವಿಗೆ ಪೇಟೆಂಟ್ ನೀಡದೆ ತಯಾರಿಕಾ ವಿಧಾನಕ್ಕೆ ಮಾತ್ರ ನೀಡಿತು. ಇದರಿಂದ ಬೇರೆ ವಿಧಾನದಲ್ಲಿ ಅದೇ ಔಷಧವನ್ನು ತಯಾರಿಸಲು ದೇಶೀಯ ಕಂಪನಿಗಳಿಗೆ ಅವಕಾಶ ಸಿಕ್ಕಿತು. 2005ರಲ್ಲಿ ಉತ್ಪನ್ನ ಪೇಟೆಂಟ್ ಮತ್ತೆ ಜಾರಿಗೆ ಬಂದಿತು. ಈ ನಡುವಿನ ಅವಧಿಯಲ್ಲಿ ಬೆಳೆದ ಕಂಪನಿಗಳಲ್ಲಿ 1973ರಲ್ಲಿ ಸ್ಥಾಪನೆಯಾದ, ಡೋಲೋ-650 ಮಾತ್ರೆಯಿಂದ ಹೆಸರಾದ ಮೈಕ್ರೋ ಲ್ಯಾಬ್ಸ್ ಮತ್ತು 1990ರಲ್ಲಿ ಆರಂಭವಾದ ಸ್ಟ್ರೈಡ್ಸ್ ಪ್ರಮುಖವಾದವು. ಎರಡಕ್ಕೂ ಬೆಂಗಳೂರು ಕೇಂದ್ರವಾಗಿದೆ. ಸ್ಟ್ರೈಡ್ಸ್ ತನ್ನ ಚುಚ್ಚುಮದ್ದು ವಿಭಾಗವಾದ ಅಜಿಲಾವನ್ನು 2013ರಲ್ಲಿ ಅಮೆರಿಕದ ಮೈಲಾನ್ ಕಂಪನಿಗೆ ಸುಮಾರು 160 ಕೋಟಿ ಡಾಲರ್‌ಗೆ ಮಾರಿತು.

ಇತರ ರಾಜ್ಯಗಳೊಂದಿಗೆ ಹೋಲಿಕೆ

| ರಾಜ್ಯ | ಮುಖ್ಯ ಕೇಂದ್ರಗಳು | ಪ್ರಧಾನ ಬಲ | ಬೆಳವಣಿಗೆಗೆ ಆಧಾರ |
|---|---|---|---|
| ಕರ್ನಾಟಕ | ಬೆಂಗಳೂರು, ನಂಜನಗೂಡು, ರಾಯಚೂರು, ಬೀದರ್ | ಜೈವಿಕ ಔಷಧ, ಸಂಶೋಧನಾ ಸೇವೆ | ಸಂಶೋಧನಾ ಸಂಸ್ಥೆಗಳು, ಕಿಣ್ವನ ಪರಿಣತಿ |
| ತೆಲಂಗಾಣ | ಹೈದರಾಬಾದ್ ಮತ್ತು ಸುತ್ತಲಿನ ಪ್ರದೇಶ | ಮೂಲ ಔಷಧ, ಲಸಿಕೆ | ಕೇಂದ್ರ ಸರ್ಕಾರದ ಸಂಶ್ಲೇಷಿತ ಔಷಧ ಕಾರ್ಖಾನೆ |
| ಆಂಧ್ರಪ್ರದೇಶ | ವಿಶಾಖಪಟ್ಟಣ ಸಮೀಪದ ಪರವಾಡ | ಮೂಲ ಔಷಧ | ಬಂದರು, ಹೈದರಾಬಾದಿನ ಕಂಪನಿಗಳ ವಿಸ್ತರಣೆ |
| ಮಹಾರಾಷ್ಟ್ರ | ಮುಂಬೈ, ಪುಣೆ | ಸಿದ್ಧ ಔಷಧ, ಲಸಿಕೆ | ಹಳೆಯ ಕಂಪನಿಗಳು, ಬಂಡವಾಳ, ಬಂದರು |
| ಗುಜರಾತ್ | ಅಹಮದಾಬಾದ್, ವಡೋದರಾ, ವಾಪಿ, ಅಂಕಲೇಶ್ವರ | ಸಿದ್ಧ ಔಷಧ, ಮೂಲ ಔಷಧ | ರಾಸಾಯನಿಕ ಉದ್ಯಮ |
| ಹಿಮಾಚಲ ಪ್ರದೇಶ | ಬದ್ದಿ | ಸಿದ್ಧ ಔಷಧ | 2003ರ ತೆರಿಗೆ ವಿನಾಯಿತಿ |

ತೆಲಂಗಾಣದೊಂದಿಗಿನ ಹೋಲಿಕೆ ವಿಶೇಷವಾಗಿ ಗಮನಾರ್ಹವಾದುದು. ಹೈದರಾಬಾದಿನ ಸಾರ್ವಜನಿಕ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಕೆ. ಅಂಜಿ ರೆಡ್ಡಿ ಅವರು 1984ರಲ್ಲಿ ಡಾ. ರೆಡ್ಡೀಸ್ ಲ್ಯಾಬೊರೇಟರೀಸ್ ಸ್ಥಾಪಿಸಿದರು. ಅಲ್ಲಿ ತರಬೇತಾದ ಇತರ ರಸಾಯನತಜ್ಞರೂ ಸುತ್ತಮುತ್ತ ಘಟಕಗಳನ್ನು ಕಟ್ಟಿದರು. ಮೂಲ ಕಾರ್ಖಾನೆ ಮುಂದೆ ಸೊರಗಿದರೂ ಅದು ರೂಪಿಸಿದ ಜನರು ನಗರದಲ್ಲಿಯೇ ಉಳಿದರು. ಬೆಂಗಳೂರಿನಲ್ಲಿ ಬಯೋಕಾನ್ ಇಂಥದೇ ಪಾತ್ರವನ್ನು ಜೈವಿಕ ತಂತ್ರಜ್ಞಾನದಲ್ಲಿ ವಹಿಸಿತು. ಹೀಗಾಗಿ ಎರಡು ನೆರೆಯ ರಾಜ್ಯಗಳ ಉದ್ಯಮವು ಭಿನ್ನ ದಿಕ್ಕುಗಳಲ್ಲಿ ಬೆಳೆಯಿತು. ಲಸಿಕೆಗಳಲ್ಲಿ ಮಾತ್ರ ಹೈದರಾಬಾದ್ ಜೈವಿಕ ಕ್ಷೇತ್ರದಲ್ಲಿಯೂ ಬೆಂಗಳೂರನ್ನು ಹಿಂದಿಕ್ಕಿದೆ. ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೆಪಟೈಟಿಸ್-ಬಿ ಲಸಿಕೆಯನ್ನು ಹೊರತಂದಿತು. 1996ರಲ್ಲಿ ಸ್ಥಾಪನೆಯಾದ ಭಾರತ್ ಬಯೋಟೆಕ್ ಕೋವಿಡ್ ಸಂದರ್ಭದಲ್ಲಿ ಕೊವ್ಯಾಕ್ಸಿನ್ ಲಸಿಕೆಯನ್ನು ತಯಾರಿಸಿತು.

ಹಿಮಾಚಲ ಪ್ರದೇಶದ ಉದಾಹರಣೆಯು ಮತ್ತೊಂದು ಬಗೆಯದು. ಅಲ್ಲಿ ತೆರಿಗೆ ವಿನಾಯಿತಿಯೇ ಕಾರ್ಖಾನೆಗಳನ್ನು ಸೆಳೆಯಿತು. ಕಂಪನಿಗಳ ಕೇಂದ್ರ ಕಚೇರಿ ಮತ್ತು ಸಂಶೋಧನೆ ಬಹುಮಟ್ಟಿಗೆ ಹೊರಗೇ ಉಳಿದವು. ಆದ್ದರಿಂದ ಕಾರ್ಖಾನೆಗಳ ಸಂಖ್ಯೆಯೊಂದರಿಂದಲೇ ಒಂದು ರಾಜ್ಯದ ಔಷಧ ಸಾಮರ್ಥ್ಯವನ್ನು ಅಳೆಯಲು ಬರುವುದಿಲ್ಲ.

ಮೂಲ ಔಷಧ ಉದ್ಯಾನಗಳ ಸ್ಪರ್ಧೆ

ಭಾರತವು ಆಮದು ಮಾಡಿಕೊಳ್ಳುವ ಮೂಲ ಔಷಧಗಳು ಮತ್ತು ಅವುಗಳ ಕಚ್ಚಾ ಪದಾರ್ಥಗಳಲ್ಲಿ ಹೆಚ್ಚಿನ ಪಾಲು ಚೀನಾದಿಂದ ಬರುತ್ತದೆ. ಈ ಅವಲಂಬನೆಯನ್ನು ತಗ್ಗಿಸಲು ಕೇಂದ್ರ ಸರ್ಕಾರವು 2020ರಲ್ಲಿ ಮೂರು ಮೂಲ ಔಷಧ ಉದ್ಯಾನಗಳಿಗಾಗಿ 3,000 ಕೋಟಿ ರೂಪಾಯಿಗಳ ಯೋಜನೆಯನ್ನು ಪ್ರಕಟಿಸಿತು. ಶುದ್ಧೀಕರಣ ಘಟಕ, ಹಬೆ ಪೂರೈಕೆ, ದ್ರಾವಕಗಳ ಮರುಬಳಕೆ ಮುಂತಾದ ಸಾಮಾನ್ಯ ಸೌಲಭ್ಯಗಳನ್ನು ಒಂದೆಡೆ ಒದಗಿಸುವುದು ಯೋಜನೆಯ ತಿರುಳು. ಕರ್ನಾಟಕವೂ ಸೇರಿದಂತೆ 13 ರಾಜ್ಯಗಳು ಸ್ಪರ್ಧಿಸಿದವು. 2022ರಲ್ಲಿ ಗುಜರಾತ್, ಹಿಮಾಚಲ ಪ್ರದೇಶ ಮತ್ತು ಆಂಧ್ರಪ್ರದೇಶ ಆಯ್ಕೆಯಾದವು.

ಉತ್ತರ ಕರ್ನಾಟಕದಲ್ಲಿ ಔಷಧ ಉದ್ಯಮ

ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಹೈದರಾಬಾದಿಗೆ ಸಮೀಪದಲ್ಲಿರುವುದರಿಂದ ಮೂಲ ಔಷಧ ಘಟಕಗಳು ಇಲ್ಲಿಗೂ ವಿಸ್ತರಿಸಿವೆ. ಬೀದರ್ ಸಮೀಪದ ಕೊಳಾರ ಕೈಗಾರಿಕಾ ಪ್ರದೇಶ ಮತ್ತು ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ಇಂಥ ಘಟಕಗಳಿವೆ. ರಾಯಚೂರಿನಲ್ಲಿ 1987ರಲ್ಲಿ ಸ್ಥಾಪನೆಯಾದ ಶಿಲ್ಪಾ ಮೆಡಿಕೇರ್ ಕ್ಯಾನ್ಸರ್ ಔಷಧಗಳ ಮೂಲ ಪದಾರ್ಥಗಳಿಗೆ ಹೆಸರಾಗಿದೆ. ಮಹಾನಗರದ ಹೊರಗೆ, ಜಿಲ್ಲಾ ಕೇಂದ್ರವೊಂದರಲ್ಲಿ ಹುಟ್ಟಿ ರಫ್ತು ಮಾರುಕಟ್ಟೆಯನ್ನು ತಲುಪಿದ ಕಂಪನಿ ಇದು. ಇದರ ಸಿದ್ಧ ಔಷಧ ಘಟಕವು ಗಡಿಯಾಚೆ, ತೆಲಂಗಾಣದ ಜಡ್ಚರ್ಲಾದಲ್ಲಿದೆ.

ಕೃಷ್ಣಾ ತೀರದ ಬಾಗಲಕೋಟೆ ಜಿಲ್ಲೆಯು ಔಷಧ ತಯಾರಿಕೆಯ ಕೇಂದ್ರವಲ್ಲ. ಆದರೆ ಔಷಧ ಉದ್ಯಮಕ್ಕೆ ಬೇಕಾದ ಒಂದು ಕಚ್ಚಾ ಪದಾರ್ಥ ಇಲ್ಲಿ ಹೇರಳವಾಗಿ ದೊರೆಯುತ್ತದೆ. ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಕಬ್ಬಿನ ಸೀಮೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡ ಅವರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಕೂಡಿಸಿ 1989ರಲ್ಲಿ ಕಟ್ಟಿದ ಶ್ರಮಬಿಂದು ಸಾಗರ ಬ್ಯಾರೇಜು ಈ ಭಾಗದ ನೀರಾವರಿಗೆ ನೆರವಾಯಿತು. ಸಕ್ಕರೆ ಕಾರ್ಖಾನೆಗಳಲ್ಲಿ ಉಳಿಯುವ ಕಾಕಂಬಿಯನ್ನು ಹುದುಗಿಸಿ ಎಥನಾಲ್ ತೆಗೆಯುತ್ತಾರೆ. ಎಥನಾಲ್ ಮತ್ತು ಅದರಿಂದ ತಯಾರಾಗುವ ಈಥೈಲ್ ಅಸಿಟೇಟ್ ಔಷಧ ಕಾರ್ಖಾನೆಗಳಲ್ಲಿ ಬಳಕೆಯಾಗುವ ದ್ರಾವಕಗಳು. ಜಿಲ್ಲೆಯ ಸಮೀರವಾಡಿಯಲ್ಲಿ ಗೋದಾವರಿ ಬಯೋರಿಫೈನರೀಸ್ ಸಂಸ್ಥೆಯು ಸಕ್ಕರೆ ಮತ್ತು ಎಥನಾಲ್ ಉತ್ಪಾದಿಸುತ್ತದೆ. ಅದೇ ಸಂಸ್ಥೆಯ ಈಥೈಲ್ ಅಸಿಟೇಟ್ ಮುಂತಾದ ರಾಸಾಯನಿಕಗಳ ಘಟಕವು ಮಹಾರಾಷ್ಟ್ರದ ಸಾಕರವಾಡಿಯಲ್ಲಿದೆ. ಕಬ್ಬಿನಿಂದ ದ್ರಾವಕದವರೆಗಿನ ಸರಪಳಿಯ ಮೊದಲ ಕೊಂಡಿಗಳು ಜಿಲ್ಲೆಯೊಳಗೂ ಹೆಚ್ಚಿನ ಮೌಲ್ಯದ ಕೊಂಡಿ ಹೊರಗೂ ಇರುವುದಕ್ಕೆ ಇದು ಉದಾಹರಣೆ.

ಆಫ್ರಿಕಾದೊಂದಿಗಿನ ಸಂಬಂಧ

ಆಫ್ರಿಕಾ ಖಂಡವು ಭಾರತದ ಜೆನೆರಿಕ್ ಔಷಧಗಳ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿಯು ಎಚ್‌ಐವಿ ಚಿಕಿತ್ಸೆಯ ಮೂರು ಔಷಧಗಳ ಜೋಡಣೆಯನ್ನು ನೆರವು ಸಂಸ್ಥೆಗಳಿಗೆ ವರ್ಷಕ್ಕೆ 350 ಡಾಲರ್ ದರದಲ್ಲಿ ಕೊಡಲು ಮುಂದಾಯಿತು. ಆವರೆಗೆ ಶ್ರೀಮಂತ ದೇಶಗಳಲ್ಲಿ ಈ ಚಿಕಿತ್ಸೆಗೆ ವರ್ಷಕ್ಕೆ 10,000 ಡಾಲರ್‌ಗೂ ಹೆಚ್ಚು ಖರ್ಚಾಗುತ್ತಿತ್ತು. ಈ ಬೆಲೆ ಕುಸಿತದಿಂದ ತೆರೆದ ಮಾರುಕಟ್ಟೆಯಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಎಚ್‌ಐವಿ ಔಷಧಗಳ ಪೂರೈಕೆದಾರನಾಯಿತು. 2016ರಲ್ಲಿ ಅದು ಕೀನ್ಯಾದ ಯೂನಿವರ್ಸಲ್ ಕಾರ್ಪೊರೇಷನ್ ಕಂಪನಿಯ ಶೇ. 51ರಷ್ಟು ಪಾಲನ್ನು ಪಡೆಯಿತು. ನೈರೋಬಿ ಸಮೀಪದ ಈ ಕಂಪನಿ ತಯಾರಿಸುವ, ಗರ್ಭಿಣಿಯರಿಗೆ ಮಲೇರಿಯಾ ತಡೆಯಲು ಕೊಡುವ ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಮಾತ್ರೆಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ ದೊರೆಯಿತು. ಆಫ್ರಿಕಾದ ತಯಾರಕನೊಬ್ಬನಿಗೆ ಈ ಔಷಧಕ್ಕಾಗಿ ಅಂಥ ಮಾನ್ಯತೆ ಸಿಕ್ಕಿದ್ದು ಅದೇ ಮೊದಲು.

ಭಾರತದ ರಾಜ್ಯಗಳ ನಡುವೆ ಕಾಣುವ ಅಸಮಾನತೆಯು ಆಫ್ರಿಕಾದ ದೇಶಗಳ ನಡುವೆ ಇನ್ನೂ ಎದ್ದು ಕಾಣುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಆಸ್ಪೆನ್‌ನಂಥ ಬಹುರಾಷ್ಟ್ರೀಯ ಕಂಪನಿ ಬೆಳೆದಿದೆ. ಈಜಿಪ್ಟ್ ಮತ್ತು ಮೊರಾಕ್ಕೊ ತಮ್ಮ ಸಿದ್ಧ ಔಷಧಗಳ ಅಗತ್ಯದ ದೊಡ್ಡ ಪಾಲನ್ನು ದೇಶದೊಳಗೇ ತಯಾರಿಸುತ್ತವೆ. ನೈಜೀರಿಯಾದ ಆಂತರಿಕ ಮಾರುಕಟ್ಟೆ ದೊಡ್ಡದಾದರೂ ಆಮದಿನ ಅವಲಂಬನೆ ಹೆಚ್ಚು. ಕೀನ್ಯಾವು ಪೂರ್ವ ಆಫ್ರಿಕಾದ ನೆರೆ ದೇಶಗಳಿಗೂ ಔಷಧಗಳನ್ನು ಪೂರೈಸುತ್ತದೆ. ಸೆನೆಗಲ್‌ನ ಡಾಕರ್‌ನಲ್ಲಿರುವ ಪಾಶ್ಚರ್ ಸಂಸ್ಥೆಯು ಹಳದಿ ಜ್ವರದ ಲಸಿಕೆಯನ್ನು ತಯಾರಿಸುತ್ತದೆ. ಆದರೆ ಖಂಡದ ಬಹುತೇಕ ಕಾರ್ಖಾನೆಗಳು ಮೂಲ ಔಷಧವನ್ನು ಭಾರತ ಮತ್ತು ಚೀನಾದಿಂದ ತರಿಸಿ ಮಾತ್ರೆ ಮಾಡುವ ಹಂತದಲ್ಲಿವೆ.

ಕೋವಿಡ್ ಕಾಲದ ಲಸಿಕೆ ಕೊರತೆಯ ಬಳಿಕ, 2040ರ ವೇಳೆಗೆ ತನಗೆ ಬೇಕಾದ ಲಸಿಕೆಗಳಲ್ಲಿ ಶೇ. 60ರಷ್ಟನ್ನು ಖಂಡದೊಳಗೇ ತಯಾರಿಸುವ ಗುರಿಯನ್ನು ಆಫ್ರಿಕನ್ ಒಕ್ಕೂಟವು 2021ರಲ್ಲಿ ಹಾಕಿಕೊಂಡಿತು. ಅದೇ ವರ್ಷ ಆಫ್ರಿಕನ್ ಔಷಧ ಏಜೆನ್ಸಿಯ ಒಪ್ಪಂದ ಜಾರಿಗೆ ಬಂದಿತು. ರಾಷ್ಟ್ರೀಯ ನಿಯಂತ್ರಣ ವ್ಯವಸ್ಥೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ನೀಡುವ ಮೂರನೇ ಹಂತದ ಮಾನ್ಯತೆಯನ್ನು ತಾಂಜಾನಿಯಾ 2018ರಲ್ಲಿ ಮತ್ತು ಘಾನಾ 2020ರಲ್ಲಿ ಪಡೆದವು. ದಕ್ಷಿಣ ಆಫ್ರಿಕಾ ಮತ್ತು ನೈಜೀರಿಯಾದಂಥ ದೊಡ್ಡ ಆರ್ಥಿಕತೆಗಳು ಈ ಹಂತ ತಲುಪಿದ್ದು 2022ರಲ್ಲಿ. ತಯಾರಿಕಾ ಸಾಮರ್ಥ್ಯ ಮತ್ತು ನಿಯಂತ್ರಣ ಸಾಮರ್ಥ್ಯ ಒಟ್ಟೊಟ್ಟಿಗೇ ಬೆಳೆಯಬೇಕೆಂದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಗುಣಮಟ್ಟ ನಿಯಂತ್ರಣ

ಭಾರತದಲ್ಲಿ ಔಷಧಗಳ ತಯಾರಿಕೆ ಮತ್ತು ಮಾರಾಟವು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಗೆ ಒಳಪಟ್ಟಿದೆ. ಹೊಸ ಔಷಧಗಳಿಗೆ ಅನುಮೋದನೆ ನೀಡುವುದು ಕೇಂದ್ರದ ಅಧಿಕಾರ. ಬಹುತೇಕ ತಯಾರಿಕಾ ಪರವಾನಗಿಗಳನ್ನು ರಾಜ್ಯಗಳ ಔಷಧ ನಿಯಂತ್ರಕರು ನೀಡುತ್ತಾರೆ. ಒಂದು ರಾಜ್ಯದಲ್ಲಿ ಪರವಾನಗಿ ಪಡೆದ ಔಷಧವನ್ನು ದೇಶದ ಎಲ್ಲೆಡೆ ಮಾರಬಹುದು. ಆದ್ದರಿಂದ ಒಂದು ರಾಜ್ಯದ ತಪಾಸಣೆ ಸಡಿಲವಾದರೆ ಅದರ ಪರಿಣಾಮವನ್ನು ಮತ್ತೊಂದು ರಾಜ್ಯದ ರೋಗಿಗಳು ಅನುಭವಿಸಬೇಕಾಗುತ್ತದೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಮೃತಪಟ್ಟ ಪ್ರಕರಣದಲ್ಲಿ, ಹೊರರಾಜ್ಯದ ಕಂಪನಿಯೊಂದು ಪೂರೈಸಿದ್ದ, ರಕ್ತನಾಳದ ಮೂಲಕ ನೀಡುವ ದ್ರಾವಣದ ಗುಣಮಟ್ಟ ಪ್ರಶ್ನೆಗೆ ಒಳಗಾಯಿತು. ರಾಜ್ಯ ಸರ್ಕಾರವು ಆ ದ್ರಾವಣದ ಬಳಕೆಯನ್ನು ತಡೆಹಿಡಿದು ತನಿಖೆಗೆ ಆದೇಶಿಸಿತು. ದೇಶದ ಗಡಿಯಾಚೆಗೂ ಇಂಥ ಪರಿಣಾಮ ತಟ್ಟಬಹುದು. ಗ್ಯಾಂಬಿಯಾದಲ್ಲಿ ಮಕ್ಕಳ ಸಾವಿಗೆ ಸಂಬಂಧಿಸಿರಬಹುದಾದ ಕೆಮ್ಮಿನ ಸಿರಪ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯು 2022ರ ಅಕ್ಟೋಬರ್‌ನಲ್ಲಿ ಎಚ್ಚರಿಕೆ ನೀಡಿತು. ಅವು ಹರಿಯಾಣದಲ್ಲಿ ತಯಾರಾಗಿದ್ದವು. ಇದರ ಬಳಿಕ ಭಾರತವು ರಫ್ತಾಗುವ ಕೆಮ್ಮಿನ ಸಿರಪ್‌ಗಳಿಗೆ 2023ರ ಜೂನ್ 1ರಿಂದ ಸರ್ಕಾರಿ ಮಾನ್ಯತೆಯ ಪ್ರಯೋಗಾಲಯದ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಉತ್ತಮ ತಯಾರಿಕಾ ಪದ್ಧತಿಗಳನ್ನು ವಿವರಿಸುವ ಷೆಡ್ಯೂಲ್ ಎಂ ನಿಯಮಗಳನ್ನೂ ಪರಿಷ್ಕರಿಸಿತು. ಪರಿಷ್ಕೃತ ನಿಯಮಗಳಿಗೆ ಹೊಂದಿಕೊಳ್ಳುವ ವೆಚ್ಚವು ಸಣ್ಣ ಘಟಕಗಳಿಗೆ ಸವಾಲಾಗಿದೆ.

ಪರಿಸರ

ಮೂಲ ಔಷಧ ಘಟಕಗಳಿಂದ ಹೊರಬರುವ ನೀರಿನಲ್ಲಿ ಲವಣ ಮತ್ತು ದ್ರಾವಕಗಳ ಪ್ರಮಾಣ ಹೆಚ್ಚಿರುತ್ತದೆ. ಪ್ರತಿಜೀವಕಗಳ ಶೇಷವು ನೀರಿಗೆ ಸೇರಿದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯಲು ಅನುಕೂಲವಾಗುತ್ತದೆ. ಹೈದರಾಬಾದ್ ಸಮೀಪದ ಪಟಾನ್‌ಚೆರು ಪ್ರದೇಶದ ನೀರಿನಲ್ಲಿ ಪ್ರತಿಜೀವಕಗಳ ಅತಿ ಹೆಚ್ಚಿನ ಪ್ರಮಾಣವನ್ನು 2007ರಲ್ಲಿ ಪ್ರಕಟವಾದ ಅಧ್ಯಯನವು ದಾಖಲಿಸಿತ್ತು. ಕಡೇಚೂರು ಮತ್ತು ಕೊಳಾರ ಪ್ರದೇಶಗಳ ಸುತ್ತಲಿನ ಗ್ರಾಮಸ್ಥರೂ ದುರ್ವಾಸನೆ ಮತ್ತು ತ್ಯಾಜ್ಯನೀರಿನ ಬಗ್ಗೆ ದೂರು ನೀಡಿದ್ದಾರೆ.

ಜೈವಿಕ ಔಷಧ ಮತ್ತು ಸಂಶೋಧನಾ ಸೇವೆಗಳಿಂದ ಬರುವ ಹೆಚ್ಚಿನ ಸಂಬಳದ ಉದ್ಯೋಗಗಳು ಬೆಂಗಳೂರಿನಲ್ಲಿ ಕೇಂದ್ರೀಕೃತವಾಗಿವೆ. ನೀರು ಮತ್ತು ಗಾಳಿಯ ಮೇಲೆ ಹೆಚ್ಚು ಹೊರೆ ಹಾಕುವ ಮೂಲ ಔಷಧ ಘಟಕಗಳು ಉತ್ತರದ ಜಿಲ್ಲೆಗಳತ್ತ ಸಾಗುತ್ತಿವೆ. ಸಾಮಾನ್ಯ ಶುದ್ಧೀಕರಣ ಘಟಕಗಳ ನಿರ್ಮಾಣ, ನಿಯಮಿತ ತಪಾಸಣೆ ಮತ್ತು ಭೂಮಿ ನೀಡಿದ ಗ್ರಾಮಗಳ ಯುವಜನರಿಗೆ ತಾಂತ್ರಿಕ ತರಬೇತಿ, ಈ ಮೂರೂ ಈ ಜಿಲ್ಲೆಗಳಲ್ಲಿ ಉದ್ಯಮದ ಮುಂದಿನ ಬೆಳವಣಿಗೆಯೊಂದಿಗೆ ಬೆಸೆದುಕೊಂಡಿರುವ ವಿಷಯಗಳಾಗಿವೆ.